ಹುಣಸೆಹಣ್ಣು ಹಾಕಿ ತೊಳೆದ ಪಿಸ್ತೂಲು

ಗ್ರೀನ್ ಕಾರ್ಡ್ ಕೈಗೆ ಬಂದ ವಾರ ಜನ ಏನೇನೋ ಮಾಡುತ್ತಾರೆ. ಕೆಲವರು ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ, ಕೆಲವರು ಮ್ಯಾನೇಜರಿಗೆ ಎದುರು ಮಾತಾಡಲು ಶುರುಮಾಡುತ್ತಾರೆ. ನನ್ನ ಗಂಡ ಗೋವಿಂದರಾಜು ಪಿಸ್ತೂಲು ಕೊಂಡ. ಕೆಲಸದ ವೀಸಾದಲ್ಲಿ ಇರುವವರಿಗೆ ಅದನ್ನು ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲವಂತೆ. ಅದಕ್ಕೇ ಅಷ್ಟು ವರ್ಷ ಕಾದಿದ್ದನಂತೆ. ಅಷ್ಟೂ ವರ್ಷ ಅವನ ಜೊತೆಗೇ ಸಂಸಾರ ಮಾಡಿದ ನನಗೆ ಅವನು ಏನನ್ನೋ ಕಾಯುತ್ತಿದ್ದಾನೆ ಎಂಬುದೇ ಗೊತ್ತಿರಲಿಲ್ಲ. ಹೆಂಡತಿಗೆ ಹೇಳದೆ ಕಾಯುವ ವಿಷಯಗಳಲ್ಲಿ ಇದು ಮೇಲು ಎಂದು ಸಮಾಧಾನ ಮಾಡಿಕೊಂಡೆ.

ಗೋವಿಂದ ಟೆಕ್ಸಸ್‌ನ ಪ್ಲೇನೋದಲ್ಲಿ ಒಂದು ಟೆಲಿಕಾಂ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ನಮ್ಮ ಮನೆ ಡಾಲಸ್‌ನಿಂದ ಉತ್ತರಕ್ಕೆ, ಮೆಕಿನ್ನಿಯಲ್ಲಿ. ಜಿರಳೆ ಕಂಡರೆ ನನ್ನನ್ನು ಕೂಗುವ ಮನುಷ್ಯ ಅವನು. ಅವನಿಗೆ ಬೇಕಾಗಿದ್ದು ಹೊಸ ಪಿಸ್ತೂಲಲ್ಲ. ಹಳೆಯದು ಬೇಕು, ಯಾವುದಾದರೂ ಸೈನ್ಯದ್ದಾಗಿರಬೇಕು, ಯಾವನಾದರೂ ಸಿಪಾಯಿಯ ಸೊಂಟದಲ್ಲಿ ನಾಲ್ಕು ದಿನ ಬಾಳಿ ಬಂದಿರಬೇಕು. ಮೊದಲು ರಷ್ಯದ್ದೊಂದು ಬಂತು, ಆಮೇಲೆ ಜೆಕೊಸ್ಲೊವಾಕಿಯದ್ದೊಂದು. ಬೆಡ್‌ರೂಮಿನ ಕ್ಲಾಸೆಟ್ಟಿನಲ್ಲಿ ನನ್ನ ರೇಷ್ಮೆ ಸೀರೆಗಳನ್ನು ಒಂದು ಮೂಲೆಗೆ ತಳ್ಳಿ ಉಕ್ಕಿನ ಪೆಟ್ಟಿಗೆಯೊಂದು ಬಂದು ಕೂತಿತು. ಗುಂಡು ಮಾತ್ರ ಒಂದನ್ನೂ ಕೊಳ್ಳಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಿಯ ಕೈಗವಸು ಹಾಕಿಕೊಂಡು, ಒಂದೊಂದನ್ನೇ ಹೊರಗೆ ತೆಗೆದು, ತೆಳ್ಳಗೆ ಎಣ್ಣೆ ಸವರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಒಳಗಿಡುತ್ತಿದ್ದ. ನಾನು ಅದಕ್ಕೆ ಅಭ್ಯಂಜನ ಎಂದು ಹೆಸರಿಟ್ಟಿದ್ದೆ. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ತಲೆಗೆ ಅವನು ಒಂದು ದಿನ ಎಣ್ಣೆ ಹಚ್ಚಿದ್ದಿಲ್ಲ.

ಮನೆಗೆ ಬಂದ ಗಂಡಸರೆಲ್ಲ ಊಟವಾದ ಮೇಲೆ ಕ್ಲಾಸೆಟ್ಟಿನ ಮುಂದೆ ಸೇರುತ್ತಿದ್ದರು. ಅವರ ಹೆಂಡತಿಯರು ನನ್ನನ್ನು, “ನಿಮಗೆ ಭಯ ಆಗಲ್ವಾ?” ಎಂದು ಕೇಳುತ್ತಿದ್ದರು. ಗೊರಕೆಗೆ ಹೋಲಿಸಿದರೆ ಇದು ನಿಶ್ಶಬ್ದವಾದ ಚಟ ಎಂದು ನಾನು ಉತ್ತರ ಕೊಡುತ್ತಿದ್ದೆ.

ಟಿಲ್ಮನ್ ಎಂಬುವರು ನಮಗೆ ಸಿಕ್ಕಿದ್ದು ಡಾಲಸ್‌ನ ಒಂದು ಗನ್ ಶೋನಲ್ಲಿ. ಗನ್ ಶೋ ಎಂದರೆ ಮಾರುವವರ, ಕೊಳ್ಳುವವರ ಸಂತೆ. ಎಂಬತ್ತರ ಹತ್ತಿರದ ಈ ಯಜಮಾನರು ಮಾತ್ರ ಹ್ಯೂಸ್ಟನ್ನಿಂದ ಬಂದು, ಮೇಜಿಗೆ ಬಾಡಿಗೆ ಕೊಟ್ಟು, ಬಿಳಿ ಟವೆಲಿನ ಮೇಲೆ ಒಂದೇ ಒಂದು ಪಿಸ್ತೂಲು ಇಟ್ಟುಕೊಂಡು, ಮಾರುವುದಿಲ್ಲ ಎಂದು ಹೇಳುತ್ತ ಕೂತಿದ್ದರು. ಅದು ಲೂಗರ್ ಎಂಬ ಜರ್ಮನ್ ಪಿಸ್ತೂಲು. ಬಂದವರೆಲ್ಲ ಬೆಲೆ ಕೇಳುತ್ತಿದ್ದರು. ಗೋವಿಂದ ಬಗ್ಗಿ ನೋಡಿ, “ಇದನ್ನು ಕೊನೆಗೆ ಕೈಯಲ್ಲಿ ಹಿಡಿದವರು ಯಾರು?” ಎಂದು ಕೇಳಿದ. ಮುದುಕರು ತಲೆಯೆತ್ತಿ, ಅವನನ್ನು ಮೇಲಿನಿಂದ ಕೆಳಗೆ ನೋಡಿ, ಪಕ್ಕದ ಕುರ್ಚಿ ತೋರಿಸಿದರು. ನಾನು ಅಂದು ಗನ್ ಶೋನ ಹಾಟ್ ಡಾಗ್ ಅಂಗಡಿಯ ಎದುರು ಮೂರು ಗಂಟೆ ಕಾಲ ಕಳೆದೆ.

ಅವರು ಹೇಳಿದ್ದು ಇಷ್ಟು. ಅವರ ಅಪ್ಪ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ಶರಣಾದ ಜರ್ಮನ್ ಅಧಿಕಾರಿಯೊಬ್ಬನಿಂದ ಆ ಲೂಗರ್ ಪಡೆದು ಊರಿಗೆ ತಂದಿದ್ದರು. ಆಮೇಲೆ ಎಣ್ಣೆ ಬಾವಿಯಲ್ಲಿ ಕೆಲಸ. ಒಂದು ಬೇಸಿಗೆಯ ಬೆಳಿಗ್ಗೆ ಅದನ್ನು ಯಾಕೋ ಹೊರಗೆ ತೆಗೆದು, ಬೆವರಿದ ಕೈಯಲ್ಲೇ ಮತ್ತೆ ಡ್ರಾಯರಿಗೆ ಹಾಕಿ ಕೆಲಸಕ್ಕೆ ಹೋದವರು ವಾಪಸು ಬರಲಿಲ್ಲ. ಬಾವಿಗೆ ಬೆಂಕಿ ಬಿದ್ದಿತ್ತು. ಮಣ್ಣು ಮಾಡುವುದಕ್ಕೂ ಏನೂ ಉಳಿದಿರಲಿಲ್ಲ. ತಿಂಗಳುಗಳ ಮೇಲೆ ಡ್ರಾಯರು ತೆಗೆದಾಗ, ಪಿಸ್ತೂಲಿನ ಎಡಮಗ್ಗುಲಲ್ಲಿ, ಕಪ್ಪು ನೀಲಿ ಉಕ್ಕಿನ ಮೇಲೆ, ಹೆಬ್ಬೆರಳ ಗುರುತೊಂದು ತುಕ್ಕಾಗಿ ಎದ್ದಿತ್ತು. ಗೆರೆಗೆರೆಯೂ ಕಾಣುವ ಹಾಗೆ. ಆಗ ಟಿಲ್ಮನ್ ಹತ್ತು ವರ್ಷದ ಹುಡುಗ. ಅಂದಿನಿಂದ ಆ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡುವುದು ಅವರ ಅಭ್ಯಾಸ. ಅಪ್ಪನ ಬೆರಳು ಈಗಲೂ ತನ್ನದಕ್ಕಿಂತ ದೊಡ್ಡದು ಎಂದರಂತೆ.

ಕಾರಿನಲ್ಲಿ ಇದನ್ನೆಲ್ಲ ಹೇಳುತ್ತ ಗೋವಿಂದ ಎರಡು ಸಲ ತಿರುವು ತಪ್ಪಿಸಿದ. ನನಗೂ ಏನೋ ಆಯಿತು, ಆದರೆ ಹಾಟ್ ಡಾಗ್ ಅಂಗಡಿಯ ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ತೋರಿಸಿಕೊಳ್ಳಲಿಲ್ಲ.

ಎರಡು ವರ್ಷ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡರು. ತನ್ನ ಅಮ್ಮನಿಗೆ ವಾರಕ್ಕೊಂದು ಫೋನ್ ಮಾಡುತ್ತಿದ್ದ ಗೋವಿಂದ ಟಿಲ್ಮನ್ನರಿಗೆ ಎರಡು ಮಾಡುತ್ತಿದ್ದ. ಆಮೇಲೆ ಆ ಮುದುಕರ ಕಣ್ಣು ಮಂಜಾಗುತ್ತ ಬಂತು. ಮಕ್ಕಳಿರಲಿಲ್ಲ, ಇದ್ದ ಸೋದರಸೊಸೆಗೆ ಪಿಸ್ತೂಲು ಕೊಟ್ಟರೆ ಮರುದಿನವೇ ಮಾರುತ್ತಾಳೆ ಎಂಬುದು ಅವರಿಗೆ ಖಾತ್ರಿ. ಒಂದು ಭಾನುವಾರ ಗೋವಿಂದನನ್ನು ಹ್ಯೂಸ್ಟನ್ನಿಗೆ ಕರೆಸಿಕೊಂಡು, ಲೂಗರನ್ನು ಅವನ ಕೈಗೆ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ನಾನು ಬದುಕಿರುವವರೆಗೆ ಮಾರಬೇಡ, ಪ್ರತಿ ವರ್ಷ ನವೆಂಬರಿನಲ್ಲಿ, ಯುದ್ಧ ನಿಂತ ದಿನ, ನನಗೆ ತಂದು ತೋರಿಸು, ಮತ್ತು ಎಂದೆಂದಿಗೂ ಇದನ್ನು ತಿಕ್ಕಿ ತೊಳೆಯಬೇಡ ಎಂದರು. ಗೋವಿಂದ ನಮ್ಮ ಮದುವೆಯಲ್ಲಿ ಸಪ್ತಪದಿ ತುಳಿಯುವಾಗಲೂ ಅಷ್ಟು ಗಂಭೀರವಾಗಿ ತಲೆಯಾಡಿಸಿರಲಿಲ್ಲ.

“ಕುಮುದಾ, ನಂಬಿ ಅವರಪ್ಪನ್ನೇ ನನ್ ಕೈಗೆ ಕೊಟ್ಟಿದಾರೆ ಕಣೇ,” ಎಂದ ಮನೆಗೆ ಬಂದು. “ಟೆಕ್ಸಸ್ ಪೂರ್ತಿ ಹುಡುಕಿ ನನಗೆ ಕೊಟ್ಟಿದಾರೆ.”

ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಅತ್ತೆ ಹೊನ್ನಮ್ಮನವರು ಮೈಸೂರಿನಿಂದ ಬಂದರು. ಮಾವ ತೀರಿಕೊಂಡು ವರ್ಷವಾಗಿತ್ತು. ಅತ್ತೆ ಕೂತು ತಿನ್ನುವ ಜಾತಿಯಲ್ಲ. ಬಂದ ಎರಡನೇ ವಾರ ನನ್ನ ನಾನ್‌ಸ್ಟಿಕ್ ತವಾದ ಕಪ್ಪು ಹೋಗುವವರೆಗೆ ತೆಂಗಿನ ನಾರು ಹಾಕಿ ಉಜ್ಜಿ, ಬೆಳ್ಳಗೆ ಮಾಡಿ, ಕಿಟಕಿಗೆ ಒರಗಿಸಿಟ್ಟಿದ್ದರು. “ಎಷ್ಟು ವರ್ಷದ ಮಸಿ ಕುಮುದಾ ಇದು, ತೊಳೆಯೋದೇ ಇಲ್ವೇನಮ್ಮ ನೀನು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೋವಿಂದ ನಗುತ್ತ, “ಅಯ್ಯೋ ಅಮ್ಮ, ಅದು ಮಸಿ ಅಲ್ಲ. ತವಾ ಹಾಳಾಯ್ತು,” ಎಂದುಬಿಟ್ಟ. ಬರೀ ಅಷ್ಟೇ ಮಾತು.

ಅತ್ತೆ ಅಂದಿನಿಂದ ಮನೆಯಲ್ಲಿ ಒಂದು ಚಮಚವನ್ನೂ ಮುಟ್ಟಲಿಲ್ಲ. ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಊಟಕ್ಕೆ ಕರೆದರೆ ಬಂದು ತಿಂದು, ತಟ್ಟೆಯನ್ನು ಎತ್ತಿಡಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು. “ನನಗೆ ಈ ಮನೇದು ಏನೂ ಗೊತ್ತಾಗಲ್ಲಪ್ಪ,” ಎನ್ನುವುದು ಅವರ ಒಂದೇ ಮಾತು. ಅರ್ಧ ರೂಪಾಯಿ ತರಕಾರಿಗೆ ಸಂತೆಯನ್ನೇ ನಡುಗಿಸಿದ ಹೆಂಗಸು. ಅವರನ್ನು ಹಾಗೆ ನೋಡಲು ನನಗೇ ಆಗುತ್ತಿರಲಿಲ್ಲ. ಗೋವಿಂದನಂತೂ ದಿನಕ್ಕೊಂದು ಹೊಸ ಕೆಲಸ ಹುಟ್ಟಿಸಿ ಅಮ್ಮನ ಮುಂದಿಡುತ್ತಿದ್ದ, ಅವರು ಕೈ ಮುಂದೆ ಚಾಚುತ್ತಿರಲಿಲ್ಲ.

ನವರಾತ್ರಿ ಬಂದ ಮೇಲೆ ಸ್ವಲ್ಪ ಚೇತರಿಸಿಕೊಂಡರು. ನಮ್ಮ ಮಾವ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಆಯುಧಪೂಜೆಯ ಹಿಂದಿನ ದಿನ ಅವರು ಸ್ಪ್ಯಾನರು, ಸುತ್ತಿಗೆ, ಉಳಿಗಳನ್ನು ಮನೆಗೆ ತರುತ್ತಿದ್ದರು; ಅತ್ತೆ ಅವನ್ನು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದರು. ವರ್ಕ್‌ಶಾಪಿನಲ್ಲಿ ಹೊನ್ನಮ್ಮನ ಗಂಡನ ಸ್ಪ್ಯಾನರನ್ನು ದೂರದಿಂದಲೇ ಗುರುತಿಸುತ್ತಿದ್ದರಂತೆ.

“ನಿಮ್ಮಪ್ಪಂಗೆ ಒಂದು ಚೀಲ ಆಯುಧ ಇತ್ತು ಕಣೋ,” ಎಂದರು ಅತ್ತೆ, ಹಬ್ಬದ ಬೆಳಿಗ್ಗೆ. “ನಿನ್ ಹತ್ರ ಪೂಜೆಗೆ ಇಡೋಕೆ ಏನಿದೆ? ಆ ಮಡಚೋ ಕಂಪ್ಯೂಟರ್ರಾ?”

ಅಮ್ಮ ಇಷ್ಟು ದೊಡ್ಡ ಮಾತು ಆಡಿ ಎಷ್ಟೋ ದಿನವಾಗಿತ್ತು. ಗೋವಿಂದನಿಗೆ ಆನಂದ ತಡೆಯಲಾಗಲಿಲ್ಲ. ಓಡಿಹೋಗಿ ಪೆಟ್ಟಿಗೆ ತೆರೆದು ಲೂಗರ್ ತಂದ. ಡಾಲಸ್ ಸುತ್ತಮುತ್ತ ಕಾರಿಗೂ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚುವ ಅಷ್ಟು ಕನ್ನಡಿಗರಲ್ಲಿ ನಿಜವಾದ ಆಯುಧ ಇರುವುದು ತನ್ನೊಬ್ಬನ ಮನೆಯಲ್ಲಿ ಎಂಬ ಜಂಬವೂ ಇತ್ತು. “ಅಮ್ಮ, ಇದರಲ್ಲಿ ಗುಂಡಿಲ್ಲ, ಹೆದರ್ಕೋಬೇಡ. ನಮಗಿಂತ ಹಿರಿಯರದ್ದು. ದೇವರ ಮುಂದೆ ಇಟ್ಟು ಪೂಜೆ ಮಾಡು, ಸಂಜೆ ಬಂದು ನಮಸ್ಕಾರ ಮಾಡ್ತೀನಿ,” ಎಂದು ಹೇಳಿ ಆಫೀಸಿಗೆ ಹೋದ. ಮಗಳು ಮಹತಿಯನ್ನು ಸ್ಕೂಲಿಗೆ ಬಿಟ್ಟು ನಾನೂ ಕೆಲಸಕ್ಕೆ ಹೋದೆ.

ತೊಳೆಯಬೇಡ ಎಂದು ಅವನು ಹೇಳಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ತೊಳೆಯದೆ ದೇವರ ಮುಂದೆ ಏನನ್ನೂ ಇಡುವುದಿಲ್ಲ ಎಂಬುದು ಅವನಿಗೆ ತೊಟ್ಟಿಲಿನಿಂದ ಗೊತ್ತು. ತೊಳೆಯಬಾರದ ವಸ್ತುವೊಂದು ಲೋಕದಲ್ಲಿ ಇರಬಹುದು ಎಂಬುದು ಅತ್ತೆಗೆ ಗೊತ್ತಿಲ್ಲ.

ಸಂಜೆ ನಾವು ಬರುವಾಗ ಮನೆಯೆಲ್ಲ ಸಾಂಬ್ರಾಣಿ. ದೇವರ ಮುಂದೆ ಕೆಂಪು ರವಿಕೆ ಕಣ ಹಾಸಿ, ಅದರ ಮೇಲೆ ಕಾರಿನ ಇನ್ನೊಂದು ಬೀಗದ ಕೈ, ನನ್ನ ಈಳಿಗೆಮಣೆ, ಮಡಚುವ ಕಂಪ್ಯೂಟರು, ನಡುವೆ ಲೂಗರ್. ಬೆಳ್ಳಿ ಪಂಚಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕಪ್ಪೂ ಇಲ್ಲ, ನೀಲಿಯೂ ಇಲ್ಲ. ನಳಿಗೆಗೆ ಚೆಂಡುಹೂವಿನ ಹಾರ, ಹಿಡಿಗೆ ಗಂಧ, ಎಡಮಗ್ಗುಲಲ್ಲಿ ದೊಡ್ಡದೊಂದು ಕುಂಕುಮದ ಬೊಟ್ಟು.

ಅತ್ತೆ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದರು. ಹೌದು, ಅಡಿಗೆಮನೆಯಿಂದ. ಕೋಸಂಬರಿಯನ್ನೂ ಮಾಡಿಟ್ಟಿದ್ದರು.

“ಎಷ್ಟು ಕಾಲದ ಕಿಲುಬೋ ಏನೋ. ನೀವು ಹೋದಾಗಿಂದ ಹುಣಸೆ ನೀರಲ್ಲಿ ನೆನೆಹಾಕಿದ್ದೆ. ಆಮೇಲೆ ಉಪ್ಪು ಹಾಕ್ಕೊಂಡು ತಿಕ್ಕಿದೆ. ಈ ಕಡೆ ಒಂದು ಕಲೆ ಇತ್ತು ನೋಡು, ತುಕ್ಕಿನ ಕಲೆ, ಮಹಾ ಹಠಮಾರಿ. ನಾನು ಬಿಡ್ತೀನಾ? ಬೆರಳೆಲ್ಲ ಉರಿ ಬಂತು.” ಕೆಂಪಾದ ಬೆರಳುಗಳನ್ನು ಮಗನ ಮುಂದೆ ಹಿಡಿದರು. “ನಿಮ್ಮಪ್ಪನ ಸ್ಪ್ಯಾನರ್ ಇದರ ಮುಂದೆ ಏನೂ ಇಲ್ಲ. ಚೆನ್ನಾಗಾಯ್ತಾ?”

ಗೋವಿಂದ ಪಿಸ್ತೂಲನ್ನು ನೋಡಿದ. ಅಮ್ಮನ ಬೆರಳು ನೋಡಿದ.

“ಚೆನ್ನಾಗಿದೆ ಅಮ್ಮ,” ಎಂದ. ಆಮೇಲೆ ದೇವರ ಮುಂದೆ ಉದ್ದಂಡ ಅಡ್ಡಬಿದ್ದ. ಬಿದ್ದವನು ಏಳಲಿಲ್ಲ. ಮುಖವನ್ನು ಕಾರ್ಪೆಟ್ಟಿಗೆ ಒತ್ತಿಕೊಂಡು ಹಾಗೇ ಮಲಗಿದ್ದ.

“ಅಮೆರಿಕಕ್ಕೆ ಬಂದ್ಮೇಲೆ ಎಷ್ಟು ಭಕ್ತಿ ಬಂದಿದೆ ನೋಡು ಇವನಿಗೆ,” ಎಂದರು ಅತ್ತೆ ನನಗೆ.

ಊಟವಾದ ಮೇಲೆ ಅವನನ್ನು ಹುಡುಕಿಕೊಂಡು ಗರಾಜಿಗೆ ಹೋದೆ. ಕಾರಿನೊಳಗೆ ಕೂತು ಅಳುತ್ತಿದ್ದ. ನಾನು ಪಕ್ಕದ ಸೀಟಿನಲ್ಲಿ ಕೂತೆ. ನನಗೆ ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಬೇಕೆನಿಸಿತು, ಆಗಲಿಲ್ಲ. ಅವನ ಮೇಲೆ ಮಾಡಿಕೊಂಡೆ.

“ಹೇಳು ಅವರಿಗೆ. ಮುಚ್ಚಿಡೋಂಥದ್ದು ಏನಿದೆ? ಬೇಕಂತ ಮಾಡಿಲ್ಲವಲ್ಲ,” ಎಂದೆ.

“ತವಾಗೇ ನಾಲ್ಕು ತಿಂಗಳು ಕೈ ಕಟ್ಟಿ ಕೂತ್ರು ಕುಮುದಾ. ಇವತ್ತು ಕೋಸಂಬರಿ ಮಾಡಿದಾರೆ. ಒಬ್ಬ ಮನುಷ್ಯನ ಅಪ್ಪನ ಗುರುತನ್ನ ಅಳಿಸಿಬಿಟ್ಟೆ ನೀನು ಅಂತ ಹೇಳಿದ್ರೆ ಆ ಬೆರಳನ್ನ ಇನ್ನೇನು ಮಾಡ್ಕೋತಾರೆ?”

“ಹಾಗಾದ್ರೆ ಟಿಲ್ಮನ್ ಅವರಿಗೆ ಏನ್ ಹೇಳ್ತೀಯ?”

ಅವನು ಮುಖ ಒರೆಸಿಕೊಂಡು ಕಾರಿನಿಂದ ಇಳಿದ. ನವೆಂಬರಿನ ಆ ದಿನ ಮೂರು ವಾರ ದೂರದಲ್ಲಿತ್ತು.

ಮಾರನೆಯ ಶನಿವಾರ ಅವನು ಲೂಗರನ್ನು ಕಟ್ಟಿಕೊಂಡು ಆಸ್ಟಿನ್ ಕಡೆ ಹೊರಟ. ನಾನೂ ಹೋದೆ, ಆ ಸ್ಥಿತಿಯಲ್ಲಿ ಅವನು ಡ್ರೈವ್ ಮಾಡುವುದು ನನಗೆ ಬೇಡವಾಗಿತ್ತು. ಅಲ್ಲಿಯ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ವೆಂಕಟೇಶ್ ಎಂಬ ಗೆಳೆಯನಿದ್ದಾನೆ. ಚಿಪ್ ಕಂಪನಿಯಲ್ಲಿ ಕೆಲಸ, ಅವನಿಗೂ ಹಳೆ ಪಿಸ್ತೂಲಿನ ಗೀಳು. ಆದರೆ ಅವನು ಶೇರು ಕೊಂಡ ಹಾಗೆ ಕೊಂಡು, ಏರಿದಾಗ ಮಾರುವ ಪೈಕಿ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, “ತಲೆ ಕೆಡಿಸ್ಕೋಬೇಡ ಗುರು, ನಮ್ಮ ರಾಯ್ ಇದಾನೆ,” ಎಂದು ತನ್ನ ಮನೆಯ ಹಿಂದಿನ ಬೀದಿಗೆ ಕರೆದುಕೊಂಡು ಹೋದ.

ರಾಯ್ ಎಂಬುವನು ಗರಾಜಿನಲ್ಲಿ ಹಳೆ ಬಂದೂಕುಗಳಿಗೆ ಬಣ್ಣ ಕೂರಿಸುವವನು. ಅದು ಬಣ್ಣವೂ ಅಲ್ಲ. ಉಕ್ಕಿಗೆ ಹದವಾಗಿ ತುಕ್ಕು ಹಿಡಿಸಿ, ಕುದಿಸಿ, ಮತ್ತೆ ಹಿಡಿಸಿ, ಆ ಕಪ್ಪು ನೀಲಿ ತರುತ್ತಾರೆ. ಹುಳಿ ತಾಗಿದರೆ ಹೋಯಿತು. ರಾಯ್ ಭೂತಗನ್ನಡಿಯಲ್ಲಿ ನೋಡಿ, ಏನು ಹಾಕಿದಿರಿ ಎಂದು ಕೇಳಿದ. ಹುಣಸೆಹಣ್ಣು ಎಂದೆವು. ಅವನಿಗೆ ಗೊತ್ತಾಗಲಿಲ್ಲ. ವೆಂಕಟೇಶ್, ಸಾರು ಮಾಡುವುದು ಎಂದು ವಿವರಿಸಿದ. ರಾಯ್, ತಾನು ಇಷ್ಟು ವರ್ಷ ದುಬಾರಿ ಆಸಿಡ್ ತರಿಸುತ್ತಿದ್ದೆನಲ್ಲ ಎಂದು ಬೇಸರಪಟ್ಟುಕೊಂಡ.

“ಬಣ್ಣ ತರಿಸಬಹುದು. ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಾಗುವುದಿಲ್ಲ,” ಎಂದ.

“ಹೆಬ್ಬೆರಳ ಗುರುತು?” ಎಂದು ಗೋವಿಂದ ಕೇಳಿದ.

“ಒಂದು ಹೆಬ್ಬೆರಳು ಕೊಡಿ, ಅದನ್ನೂ ಕೂರಿಸುತ್ತೇನೆ. ಉಪ್ಪು ನೀರಲ್ಲಿ ಅದ್ದಿ ಒತ್ತಿದರೆ ಎರಡು ದಿನದಲ್ಲಿ ತುಕ್ಕು ಏಳುತ್ತದೆ. ಯಾರದ್ದಾದರೂ ಆಗುತ್ತದೆ.”

ವೆಂಕಟೇಶ್ ಗೋವಿಂದನ ಕೈ ಹಿಡಿದು ಮೇಲೆತ್ತಿ, “ಇದೇ ಸಾಕಲ್ಲ ಗುರು. ಮುದುಕರಿಗೆ ಕಣ್ಣು ಬೇರೆ ಕಾಣಲ್ಲ ಅಂತೀಯ. ಯಾರಿಗೂ ನಷ್ಟ ಇಲ್ಲ,” ಎಂದ.

ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತು. ಮುದುಕರಿಗೆ ಸಮಾಧಾನ, ಅತ್ತೆಗೆ ಸಮಾಧಾನ, ಹಬ್ಬದಿಂದ ಬೇಯುತ್ತಿದ್ದ ಗಂಡನಿಗೂ ಸಮಾಧಾನ. ಗೋವಿಂದ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದ. ಕೀಬೋರ್ಡಿನ ಸ್ಪೇಸ್ ಬಾರ್ ಒತ್ತಿ ಒತ್ತಿ ನುಣುಪಾದ ಬೆರಳು.

“ಅವರು ತಮ್ಮಪ್ಪ ಅಂದ್ಕೊಂಡು ನನ್ನ ಬೆರಳಿನ ಮೇಲೆ ಬೆರಳಿಡ್ತಾರೆ,” ಎಂದ ಕನ್ನಡದಲ್ಲಿ, ನನಗೆ ಮಾತ್ರ. “ಆಗ ನಾನು ಎದುರಿಗೆ ಕೂತ್ಕೊಂಡು ಏನ್ ಮಾಡ್ಲಿ?”

ರಾಯ್‌ಗೆ ಥ್ಯಾಂಕ್ಸ್ ಹೇಳಿ, ಲೂಗರನ್ನು ಹಾಗೇ ಹೊಳೆಹೊಳೆಯುತ್ತ ಪೆಟ್ಟಿಗೆಗೆ ಹಾಕಿಕೊಂಡ. ವಾಪಸು ಬರುವಾಗ ನಾನು ನಾಲ್ಕು ಉಪಾಯ ಹೇಳಿದೆ. ಜ್ವರ ಅನ್ನು, ಕಾರು ಕೆಟ್ಟಿತು ಅನ್ನು, ಇಂಡಿಯಾಕ್ಕೆ ಹೋಗಿದ್ದೇನೆ ಅನ್ನು. ನಾಲ್ಕನೆಯದು ಈಗ ನೆನಪಿಲ್ಲ. ಅವನು, “ನಿಜ ಹೇಳಿಬಿಡ್ತೀನಿ. ನಮ್ಮಮ್ಮ ಗೊತ್ತಿಲ್ದೆ ಮಾಡಿದಾರೆ ಅಂತ ಹೇಳ್ತೀನಿ. ಅವರಿಗೆ ಅರ್ಥ ಆಗತ್ತೆ,” ಎಂದ. ಹೇಳಿದರೆ ಟಿಲ್ಮನ್ ಕ್ಷಮಿಸುತ್ತಾರೆ ಎಂದು ನನಗೂ ಖಂಡಿತ ಅನ್ನಿಸಿತು. ಮುದುಕರಿಗೆ ತಾಯಂದಿರ ಮೇಲೆ ಗೌರವವಿತ್ತು.

ಲೆಕ್ಕ ತಪ್ಪಿಸಿದ್ದು ಅತ್ತೆ. ಹ್ಯೂಸ್ಟನ್ನಿಗೆ ಹೊರಡುವ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅಂಥ ಆಯುಧವನ್ನು ಸುಮ್ಮನೆ ಕೊಟ್ಟ ಪುಣ್ಯಾತ್ಮನನ್ನು ತಾನೂ ನೋಡಬೇಕಂತೆ. ತಾನು ತೊಳೆದದ್ದನ್ನು ಆತ ನೋಡುವುದನ್ನೂ ನೋಡಬೇಕಂತೆ. ಆ ಹೊತ್ತಿಗೆ ಅವರು ಅಡಿಗೆಮನೆಯನ್ನು ನನ್ನಿಂದ ಪೂರ್ತಿ ಕಿತ್ತುಕೊಂಡಿದ್ದರು, ನಾನು ತವಾಗಳನ್ನೆಲ್ಲ ಬಚ್ಚಿಟ್ಟಿದ್ದೆ. ಬೇಡ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ದಾರಿಯುದ್ದಕ್ಕೂ ಗೋವಿಂದ ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಬಾಯೊಳಗೇ ಪಾಠ ಮಾಡಿಕೊಳ್ಳುತ್ತಿದ್ದ. ಅಮ್ಮನಿಗೆ ಇಂಗ್ಲಿಷು ಬಾರದಿರುವುದು ದೇವರ ದಯೆ ಎಂದುಕೊಂಡೆವು.

ಟಿಲ್ಮನ್ ಅವರದು ಹಳೆಯ ಮರದ ಮನೆ. ನವೆಂಬರಿನಲ್ಲೂ ಅಂಟು ಅಂಟು ಸೆಖೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಕಾದಿದ್ದರು. ಅತ್ತೆಯನ್ನು ಕಂಡು ಎದ್ದುನಿಂತು, ಬಗ್ಗಿ, ಇಂಥ ಮಗನನ್ನು ಪಡೆದದ್ದಕ್ಕೆ ಅಭಿನಂದನೆ ಎಂದರು. ನಾನು ಅನುವಾದ ಮಾಡಿದೆ. ಅತ್ತೆ ನಾಚಿಕೊಂಡು ಮಿಠಾಯಿ ಕೊಟ್ಟರು. ಆಮೇಲೆ ಟಿಲ್ಮನ್ ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದು, ಮಡಿಲ ಮೇಲೆ ಬಿಳಿ ಟವೆಲು ಹಾಸಿ, ಎರಡೂ ಅಂಗೈ ಬಿಚ್ಚಿ ಕೂತರು. ಗೋವಿಂದ ಹೇಳಬೇಕಾದ್ದನ್ನು ಆಗಲೇ ಹೇಳಬೇಕಿತ್ತು. ಲೂಗರನ್ನು ಟವೆಲಿನ ಮೇಲಿಟ್ಟ.

ಅವರು ಮೊದಲು ನೋಡಲೇ ಇಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಎಡಮಗ್ಗುಲಿಗೆ ಒಯ್ದರು. ಬೆರಳು ಜಾರಿತು. ಮತ್ತೆ ಇಟ್ಟರು. ಹಿಂದೆ ಮುಂದೆ ಸರಿಸಿ ಹುಡುಕಿದರು. ಪಿಸ್ತೂಲನ್ನು ತಿರುಗಿಸಿ ಬಲಮಗ್ಗುಲನ್ನೂ ಮುಟ್ಟಿ ನೋಡಿದರು. ಆಮೇಲೆ ಕಣ್ಣು ತೆರೆದು, ಕಿಟಕಿಯ ಬೆಳಕಿಗೆ ಹಿಡಿದು, “ಇದು ನಮ್ಮದಲ್ಲ, ಮಗನೇ. ತಪ್ಪಿ ಬೇರೆಯದನ್ನು ತಂದಿದ್ದೀಯ,” ಎಂದರು.

“ಅದೇ ಸಾರ್,” ಎಂದ ಗೋವಿಂದ.

ಅವರು ಕೆತ್ತಿದ ನಂಬರಿನ ಮೇಲೆ ಉಗುರು ಆಡಿಸಿದರು. ಒಂದೊಂದೇ ಅಂಕಿ ಓದಿಕೊಂಡರು. ಕೈ ನಿಂತಿತು. ಕಣ್ಣು ತುಂಬಿತು. ಅಪ್ಪ ಸತ್ತ ಸುದ್ದಿ ಅವರಿಗೆ ಎರಡನೇ ಸಲ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

“ಯಾರು ಮಾಡಿದ್ದು?” ಎಂದರು.

ಅತ್ತೆಗೆ ಇಂಗ್ಲಿಷು ಬಾರದಿದ್ದರೂ ಕೇಳಿದ್ದು ಏನೆಂದು ತಿಳಿಯಿತು. ಹೊಳೆಯುವ ಪಾತ್ರೆ ಕಂಡವರು ಎಲ್ಲ ಊರಲ್ಲೂ ಕೇಳುವ ಪ್ರಶ್ನೆ ಅದು. ಸೋಫಾದಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಮುಖವೆಲ್ಲ ಅರಳಿಸಿ, ಮಗನ ತೋಳು ತಿವಿದರು. “ನಾನೇ ತೊಳೆದಿದ್ದು ಅಂತ ಹೇಳೋ. ಹೇಳು, ನಮ್ಮಮ್ಮ ಅಂತ ಹೇಳು.”

ಗೋವಿಂದ ಅಮ್ಮನ ಮುಖ ನೋಡಿದ. ದಾರಿಯುದ್ದಕ್ಕೂ ಪಾಠ ಮಾಡಿಕೊಂಡದ್ದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಅಮ್ಮ ಕಾಯುತ್ತಿದ್ದರು. ತಾನು ಹೇಳಿದ ತಕ್ಷಣ ಟಿಲ್ಮನ್ ಅವರ ಕಣ್ಣು ಅಮ್ಮನ ಕಡೆ ಹೊರಳುತ್ತದೆ, ಆ ಕಣ್ಣು ಓದಲು ಇಂಗ್ಲಿಷು ಬೇಡ ಎಂಬುದು ಅವನಿಗೆ ಹೊಳೆದದ್ದು ನನಗೂ ಕಾಣಿಸಿತು.

“ನಾನು,” ಎಂದ ಇಂಗ್ಲಿಷಿನಲ್ಲಿ. “ನಾನೇ ತೊಳೆದೆ ಸಾರ್.”

ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು.

“ನೀನು,” ಎಂದರು ಟಿಲ್ಮನ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಬೇರೆ ಯಾರು ಮಾಡಿದ್ದರೂ ನಾನು ನಂಬುತ್ತಿದ್ದೆ. ಯಾಕೆ?”

“ಹೊಳೆಯಲಿ ಅಂತ.”

ಅವರು ಟವೆಲಿನ ನಾಲ್ಕೂ ತುದಿ ಮಡಚಿ, ಪಿಸ್ತೂಲನ್ನು ಅದರೊಳಗೆ ಮುಚ್ಚಿ, ಮಡಿಲಲ್ಲೇ ಇಟ್ಟುಕೊಂಡರು. ಇದು ಇಲ್ಲೇ ಇರಲಿ ಎಂದರು. ಮುಂದಿನ ವರ್ಷ ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದರು. ಗೋವಿಂದ ಎರಡಕ್ಕೂ ಸರಿ ಸಾರ್ ಎಂದ. ಟಿಲ್ಮನ್ ಅತ್ತೆಯ ಮರ್ಯಾದೆಗೆ ಒಂದು ತುಂಡು ಕೊಬ್ಬರಿ ಮಿಠಾಯಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ನುಂಗಿ, “ಥ್ಯಾಂಕ್ ಯು, ಮ್ಯಾಮ್,” ಎಂದರು. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ, ನಿಮ್ಮ ಅತ್ತೆ ದೊಡ್ಡ ಮನಸ್ಸಿನ ಹೆಂಗಸು ಎಂದು ಕಾಣುತ್ತದೆ ಎಂದರು. ಮಗನ ವಿಷಯ ಏನೂ ಹೇಳಲಿಲ್ಲ.

ನನಗೂ ಇಂಗ್ಲಿಷು ಬರುತ್ತದೆ. ಗೋವಿಂದ, ಅತ್ತೆ ಆಗಲೇ ಮೆಟ್ಟಿಲಿಳಿದಿದ್ದರು. ಒಂದೇ ವಾಕ್ಯ ಸಾಕಿತ್ತು. ನನ್ನ ಗಂಡನನ್ನು ಆ ಮನುಷ್ಯ ಹಾಗೆ ನೋಡಿದ್ದನ್ನು ಸಹಿಸಿಕೊಂಡು ಹೋಗಲು ನನಗೆ ಸಾಧ್ಯವೇ ಇರಲಿಲ್ಲ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಗೋವಿಂದ ಕಾರಿನ ಬಾಗಿಲು ಹಿಡಿದುಕೊಂಡು ತಿರುಗಿ ನನ್ನನ್ನು ನೋಡಿದ. ಬೇಡ ಎಂದು ತಲೆಯನ್ನೂ ಆಡಿಸಲಿಲ್ಲ, ಬರೀ ನೋಡಿದ. ನಾನು ಟಿಲ್ಮನ್ ಅವರಿಗೆ ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಇಳಿದು ಬಂದೆ.

ಕಾರು ಹೈವೇಗೆ ಬಂತು. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಅವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ, ಅಷ್ಟು ಸಿಟ್ಟೂ ಬಂದಿರಲಿಲ್ಲ.

“ಏನಂದ್ರೋ ಆ ಯಜಮಾನ್ರು?” ಎಂದು ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. “ಕಣ್ಣಲ್ಲಿ ನೀರು ಹಾಕ್ಕೊಂಡ್ರಲ್ಲ.”

“ತುಂಬಾ ಇಷ್ಟ ಆಯ್ತಂತೆ ಅಮ್ಮ,” ಎಂದ ಗೋವಿಂದ, ರಸ್ತೆ ನೋಡುತ್ತ. “ಅದಕ್ಕೇ ತಾವೇ ಇಟ್ಕೋತೀನಿ ಅಂದ್ರು.”

“ಇಟ್ಕೊಳ್ಳಲಿ ಬಿಡು, ಪಾಪ, ಒಂಟಿ ಮನುಷ್ಯ,” ಎಂದರು ಅತ್ತೆ. ಸ್ವಲ್ಪ ದೂರ ಹೋದ ಮೇಲೆ ಸೀಟಿನ ಮೇಲೆ ಮುಂದಕ್ಕೆ ಬಗ್ಗಿ, ಅವನ ಭುಜ ತಟ್ಟಿದರು. “ನಿನ್ ಪೆಟ್ಟಿಗೇಲಿ ಇನ್ನೂ ಎರಡಿವೆ ಅಂತಿದ್ಯಲ್ಲ. ಮನೆಗೆ ಹೋದ್ಮೇಲೆ ತೆಗೆದುಕೊಡು. ನಾನು ಇಲ್ಲಿರೋವಾಗ್ಲೇ ತೊಳೆದುಬಿಡ್ತೀನಿ.”

“ಆಯ್ತು ಅಮ್ಮ,” ಎಂದ ಗೋವಿಂದ.

ಮನೆಗೆ ಹೋಗಿ ತೆಗೆದುಕೊಟ್ಟ.